ಬಾಗಿಲಿನ ಲ್ಯಾಟಿನ್

ಆಸ್ಪತ್ರೆಯ ಬಾಗಿಲುಗಳಿಗೆ ಈಗ ಲ್ಯಾಟಿನ್ ಬಿಟ್ಟು ಬೇರೆ ಭಾಷೆ ಬಾರದು. ಸರಿಯಾದ ವಾಕ್ಯ ಕೇಳಿಸದೆ ಅವು ತೆರೆಯವು. ಗಂಡ ಫೆಲಿಕ್ಸ್‌ನನ್ನು ಒಳಗೆ ಸೇರಿಸಿದಂದಿನಿಂದ ಬಸ್ ಕಂಡಕ್ಟರ್ ಸೆವ್ರಿನ್ ಡ್ಯೂಟಿ ಮುಗಿಸಿ ಲ್ಯಾಟಿನ್ ಟ್ಯೂಷನ್ನಿಗೆ ಹೋಗುತ್ತಿದ್ದಳು. 'ಆಕ್ವಾ' ಅಂದರೆ ನೀರು, 'ಪಾನಿಸ್' ಅಂದರೆ ರೊಟ್ಟಿ. ಇಂಥ ಪದಗಳು ಬೇಗ ಬಂದವು. 'ಹೀಗಾದರೆ ಹಾಗೆ' ಎನ್ನುವ ವಾಕ್ಯಗಳು ಮಾತ್ರ ದಣಿದ ತಲೆಗೆ ಹತ್ತುತ್ತಿರಲಿಲ್ಲ. ನಿನ್ನೆ ಸಂಜೆಯ ಪಾಠದಲ್ಲಿ ಕೊನೆಗೂ ಅವು ಹತ್ತಿದವು.

ಇವತ್ತು ಬಾಗಿಲ ಮುಂದೆ ನಿಂತು, "ನೀನು ತೆರೆದರೆ ನಾನು ಗಂಡನನ್ನು ನೋಡುತ್ತೇನೆ" ಎಂದು ಲ್ಯಾಟಿನ್ನಿನಲ್ಲಿ ತಪ್ಪಿಲ್ಲದೆ ಹೇಳಿದಳು.

"ಸಿ ಹೆರಿ ವೆನಿಸ್ಸೆಸ್, ತೆ ಔದಿವಿಸ್ಸೆತ್" ಎಂದಿತು ಬಾಗಿಲು.

ಹಿಂದೆ ನಿಂತಿದ್ದ ಅಜ್ಜಿ ಕೇಳಿದಳು, "ಎಂತ ಹೇಳ್ತದೆ ಮಾರಾಯ್ತಿ ಅದು?"

"ನಿನ್ನೆ ಬಂದಿದ್ರೆ ನನ್ನ ಗಂಡನಿಗೆ ನನ್ನ ಮಾತು ಕೇಳ್ತಿತ್ತಂತೆ."

ಬಾಗಿಲು ತೆರೆದುಕೊಂಡಿತು. ಸೆವ್ರಿನ್ ಅಜ್ಜಿಗೆ ದಾರಿ ಬಿಟ್ಟು ಹೊರಗೇ ನಿಂತಳು.