ಹಳೆಯ ಪ್ರತಿ

ಯಾರು ಬೇಕಾದರೂ ಪುಟಗಳನ್ನು ತಿದ್ದಬಹುದಾದ ತಮ್ಮ ವಿಕಿ ತಂತ್ರಾಂಶದ ಮುಂದಿನ ಆವೃತ್ತಿಗೆ ಏನೇನು ಸೇರಿಸಬೇಕೆಂದು ತಂಡ ಚರ್ಚಿಸುತ್ತಿತ್ತು. ಹೊಸದಾಗಿ ಸೇರಿದ್ದ ವಾರಿಜಾ ಕೇಳಿದ್ದು ಒಂದೇ: ಪುಟಗಳ ಹಳೆಯ ಪ್ರತಿಗಳನ್ನು ಪೂರ್ತಿ ಅಳಿಸುವ ಸೌಲಭ್ಯ.

ತಂಡದ ಮುಖ್ಯಸ್ಥ ಶ್ರೀಪಾದನಿಗೆ ಅನುಮಾನ ಬಂತು. ಯಾರು ಏನು ತಿದ್ದಿದರೆಂಬುದು ಎಂದೂ ಅಳಿಯಬಾರದೆಂದೇ ಅವನು ಈ ತಂತ್ರಾಂಶ ಕಟ್ಟಿದ್ದ. ಇವಳು ಏನನ್ನೋ ಮುಚ್ಚಿಹಾಕಲು ಹೊರಟಿದ್ದಾಳೆ ಎನಿಸಿತು.

"ಏನ್ರೀ, ಯಾವ ತಪ್ಪು ಮುಚ್ಚಿಡಬೇಕು ನಿಮಗೆ?"

"ತಪ್ಪಲ್ಲ ಸಾರ್."

"ಮತ್ತೆ ಅಳಿಸೋಕೆ ಇಷ್ಟು ಅವಸರ ಯಾಕೆ?"

ಅವಳು ದನಿ ತಗ್ಗಿಸಿದಳು.

"ಸಿಬ್ಬಂದಿ ಪುಟದಲ್ಲಿ ಯಾರೋ ನನ್ನ ಮನೆ ವಿಳಾಸ ಹಾಕಿದ್ರು. ನಾನು ತೆಗೆದೆ, ಆದ್ರೆ ಹಳೇ ಪ್ರತೀಲಿ ಹಾಗೇ ಉಳಿದಿದೆ, ಯಾರು ಬೇಕಾದ್ರೂ ತೆರೆದು ನೋಡಬಹುದು. ಯಾರ ಹೊಡೆತ ತಾಳದೆ ಊರು ಬಿಟ್ಟು ಬಂದ್ನೋ, ಆ ಗಂಡ ನಿನ್ನೆ ಬಾಗಿಲು ತಟ್ಟಿದ."