ಜಡೆಗೆ ಕೈ ಹಾಕಿದವರು

ಕತ್ತರಿಸಿದ ಜಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅಮ್ಮ ಶಾಲೆಯ ಗೇಟು ದಾಟಿದಳು. ಇನ್ನೊಂದು ಕೈಯಲ್ಲಿ ಮಗಳ ಮುಂಗೈ. ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದ ಕಾವಲುಗಾರ ಆಕೆಯ ಮುಖ ನೋಡಿ ದಾರಿ ಬಿಟ್ಟ.

ಮಗಳು ಹಿಂದಿನ ಸಂಜೆ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಮನೆಗೆ ಬಂದಿದ್ದಳು. ಬಿಚ್ಚಿಸಿ ನೋಡಿದರೆ, ಸೊಂಟದವರೆಗೆ ಬೀಳುತ್ತಿದ್ದ ಜಡೆ ಕತ್ತಿನ ಬಳಿಯೇ ತುಂಡಾಗಿತ್ತು. ಉಳಿದದ್ದು ಬ್ಯಾಗಿನೊಳಗೆ, ಪುಸ್ತಕಗಳ ಮೇಲೆ, ರಿಬ್ಬನ್ನಿನ ಸಮೇತ ಸುರುಳಿ ಸುತ್ತಿಕೊಂಡು ಮಲಗಿತ್ತು. ಯಾರ ಕೆಲಸ ಎಂದು ಮತ್ತೆ ಮತ್ತೆ ಕೇಳಿದ್ದಾಯಿತು. ಅಮ್ಮ ಬಿಡಲಿಲ್ಲ. ಕೊನೆಗೆ ಹುಡುಗಿ ತರಗತಿಯ ಮಾನಿಟರ್ ಎಂದಳು.

ಮಾನಿಟರ್ ಹುಡುಗಿ ಅಮ್ಮನಿಗೆ ಹೊಸಬಳಲ್ಲ. ಹೋದ ವರ್ಷದವರೆಗೂ ಅವಳದೂ ಮಗಳದೂ ಒಂದೇ ಜೀವ. ರಜೆ ಬಂದರೆ ಇವರ ಮನೆಯಲ್ಲೇ ಉಂಡು ಮಲಗಿ ಹೋಗುತ್ತಿದ್ದಳು. ಈ ವರ್ಷ ಅದೇನು ಮುರಿಯಿತೋ. ತರಗತಿಯಲ್ಲಿ ಯಾರೂ ತನ್ನನ್ನು ಮಾತಾಡಿಸುವುದಿಲ್ಲವೆಂದು ಮಗಳು ಒಂದೆರಡು ಸಲ ಹೇಳಿದ್ದುಂಟು. ಅಮ್ಮ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವವಳು. ಸಂಜೆಗೆ ಅವಳ ಮೈಯಲ್ಲಿ ಜೀವವಿರುತ್ತಿರಲಿಲ್ಲ.

“ಹೊಡೆದ್ರಾ? ಬೈದ್ರಾ? ಇಲ್ಲ ತಾನೆ? ಹಾಗಾದ್ರೆ ನೀನೇ ಹೋಗಿ ಮಾತಾಡ್ಸು. ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ” ಎಂದು ಅನ್ನ ಬಡಿಸಿದ್ದಳು.

ಕ್ಲಾಸ್ ಟೀಚರ್ ಕೂಡ ಇದನ್ನೇ ಬೇರೆ ಮಾತಿನಲ್ಲಿ ಹೇಳಿ ಕಳಿಸಿದ್ದರಂತೆ. ಹೊಗೆ ಕಂಡಾಗಲೇ ನೀರು ಹಾಕಬೇಕಿತ್ತು ಎಂದು ಅಮ್ಮ ಈಗ ಹಲ್ಲು ಕಚ್ಚಿಕೊಂಡಳು. ಮಾತು ಬಿಟ್ಟವರು ಜಡೆಗೆ ಕೈ ಹಾಕುವಷ್ಟು ಬೆಳೆದಿದ್ದರು.

ಮುಖ್ಯೋಪಾಧ್ಯಾಯಿನಿಯ ಕೋಣೆಯ ಗೋಡೆಗೆ ಮಕ್ಕಳ ಮೇಲಿನ ಕಿರುಕುಳದ ಬಗ್ಗೆ ಒಂದು ಚಿತ್ರಪಟ ಅಂಟಿಸಿದ್ದರು. ಎತ್ತಿದ ಕೈ, ಬೆರಳು ತೋರಿಸಿ ನಗುವ ಬಾಯಿ, ಯಾರದೋ ಚೀಲ ಕಿತ್ತುಕೊಂಡು ಓಡುವ ಕಾಲು. ಅಮ್ಮ ಅದರ ಕೆಳಗಿನ ಮೇಜಿನ ಮೇಲೆ ಜಡೆ ಸುರಿದಳು. ಕ್ರಮ ಕೈಗೊಳ್ಳದಿದ್ದರೆ ಇಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗುವುದಾಗಿ ಹೇಳಿದಳು. ಆಕೆಗೆ ಕುರ್ಚಿ ಬಂತು, ನೀರು ಬಂತು, ಮಾನಿಟರ್ ಹುಡುಗಿಯೂ ಬಂದಳು.

“ನಾವ್ಯಾರೂ ಅವಳನ್ನ ಮುಟ್ಟಿಲ್ಲ ಮೇಡಂ” ಎಂದಳು ಅವಳು. “ಅವಳ ಹತ್ರಾನೂ ಹೋಗಲ್ಲ. ಬೇಕಾದ್ರೆ ಯಾರನ್ನಾದ್ರೂ ಕೇಳಿ.”

ಕೇಳಿದರು. ಒಬ್ಬೊಬ್ಬರಾಗಿ ಒಳಗೆ ಬಂದ ಹುಡುಗಿಯರೆಲ್ಲ ಅದನ್ನೇ ಹೇಳಿದರು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ಗಿಣಿಪಾಠ ಒಪ್ಪಿಸಿದಂತಿತ್ತು. ಮಾನಿಟರೇ ಇಡೀ ತರಗತಿಗೆ ಬಾಯಿಪಾಠ ಮಾಡಿಸಿದ್ದಾಳೆಂದು ಮುಖ್ಯೋಪಾಧ್ಯಾಯಿನಿಗೆ ಖಾತ್ರಿಯಾಯಿತು. ಆ ಹುಡುಗಿಯ ತಾಯಿಯನ್ನೂ ಕರೆಸಿದರು; ಆಕೆ ಬಾಗಿಲಲ್ಲೇ ಕೈಮುಗಿದು ನಿಂತಳು. ತನ್ನ ಮಗಳು ಅಂಥವಳಲ್ಲ ಎಂದಳು. ಎಲ್ಲ ತಾಯಂದಿರೂ ಹಾಗೇ ಅನ್ನುತ್ತಾರೆ ಎಂದುಕೊಂಡಳು ಅಮ್ಮ. ಹಳೆಯ ಪರಿಚಯಕ್ಕೆ ಮುಖ ಕೊಡಲಿಲ್ಲ.

ವರ್ಗಾವಣೆ ಪತ್ರ ತೆಗೆದುಕೊಂಡು ಬೇರೆ ಶಾಲೆ ನೋಡಿಕೊಳ್ಳಿ ಎಂದು ಮಾನಿಟರ್ ಹುಡುಗಿಯ ತಾಯಿಗೆ ತೀರ್ಪಾಯಿತು.

ಮಾನಿಟರ್ ಹುಡುಗಿ ಆಗ ಮಗಳ ಕಡೆ ತಿರುಗಿದಳು. ಕಣ್ಣು ತುಂಬಿತ್ತು. “ಯಾಕೆ ಹೀಗೆ ಮಾಡಿದ್ಯೇ?” ಎಂದಳು.

ಮಗಳ ಮುಖ ಒಂದು ಕ್ಷಣ ಅರಳಿತು, ಯಾರೋ ಬಹಳ ದಿನದ ಮೇಲೆ ಹೆಸರು ಹಿಡಿದು ಕರೆದ ಹಾಗೆ. ನ್ಯಾಯ ಸಿಕ್ಕ ಸಮಾಧಾನ ಇರಬೇಕು ಎಂದುಕೊಂಡಳು ಅಮ್ಮ.

ಮನೆಗೆ ಬಂದು ಮಗಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಓರೆಕೋರೆಯಾಗಿ ಉಳಿದಿದ್ದ ಕೂದಲನ್ನು ಅಮ್ಮ ಸಮ ಮಾಡತೊಡಗಿದಳು. ಜಡೆಗೆ ಕತ್ತರಿ ಬಿದ್ದ ಹೊತ್ತಿನಲ್ಲಿ ಮಗು ಎಷ್ಟು ಹೆದರಿರಬಹುದು ಎಂದು ಈಗ ಅನ್ನಿಸಿತು.

“ಒಂದು ಸಲ ಜೋರಾಗಿ ಕೂಗಬಾರದಿತ್ತಾ ಪುಟ್ಟಿ? ಯಾರಾದ್ರೂ ಓಡಿ ಬರ್ತಿದ್ರು.”

“ಯಾರೂ ಬರ್ತಿರ್ಲಿಲ್ಲಮ್ಮ” ಎಂದಳು ಮಗಳು, ತಲೆ ಅಲುಗಿಸದೆ. “ಮಾತಾಡ್ಸಲ್ಲ ಅನ್ನೋದಕ್ಕೆ ತೋರಿಸೋಕೆ ಗಾಯ ಇರಲ್ವಲ್ಲ, ಅದಕ್ಕೇ ಜಡೆ ನಾನೇ ಕತ್ತರಿಸ್ಕೊಂಡೆ.”