ಅತ್ತೆಯ ಧಾರೆ ಸೀರೆ

ಟ್ರಂಕು ತೆರೆದಾಗ ಒಣಬೇವಿನ ವಾಸನೆ ಬಂದರೆ ನನಗೆ ಈಗಲೂ ಬನಹಟ್ಟಿಯ ನಮ್ಮ ಪಡಸಾಲೆ ಕಾಣುತ್ತದೆ.

ನಮ್ಮ ಸೀಮೆ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ಮಳೆಗಾಲ ಹತ್ತಿರ ಬಂದಿತ್ತು. ಅಪ್ಪನ ತಂಗಿ, ನಮ್ಮ ಅತ್ತೆ, ಮನೆಯ ಹೆಂಗಸರ ರೇಷ್ಮೆ ಸೀರೆಗಳನ್ನು ನೆರಳಲ್ಲಿ ಆರಹಾಕಿ ಮಡಚಿ, ಒಣ ಬೇವಿನೆಲೆ ಹಾಕಿ ಟ್ರಂಕಿನಲ್ಲಿ ಇಡುತ್ತಿದ್ದಳು. ಗಂಡ ಅವಳನ್ನು ತವರಿಗೆ ಬಿಟ್ಟುಹೋಗಿ ನಾಲ್ಕು ವರ್ಷವಾಗಿತ್ತು. ಗಂಡನ ಮನೆಯಿಂದ ಕರೆ ಬಂದ ದಿನ ಉಟ್ಟು ಹೋಗಬೇಕೆಂದು ತನ್ನ ಧಾರೆ ಸೀರೆಯನ್ನು ಅವಳು ಯಾವ ಹಬ್ಬಕ್ಕೂ ಉಟ್ಟಿರಲಿಲ್ಲ.

“ಹಳೆ ಮಡಿಕಿ ಮ್ಯಾಲೆ ಮಡಚಬ್ಯಾಡ ಬೇ, ರೇಶಿಮಿ ಸೀಳತೈತಿ,” ಎಂದು ನನಗೆ ಕಲಿಸುತ್ತಿದ್ದಾಗ, ಲೋಕಾಪುರದ ಸಂತೆಗೆ ಹೋಗಿದ್ದ ಅವಳ ತಮ್ಮ, ನಮ್ಮ ಕಾಕಾ, ಬಂದ. ಅಜ್ಜಿಯ ಎದುರು ನಿಂತು ಹೇಳಿದ:

“ಅವ್ವಾ, ಅಕ್ಕನ ಗಂಡ ಇನ್ನೊಂದು ಮದವಿ ಮಾಡಿಕೊಂಡಾನ. ಎರಡನೇ ಮದವಿಗೆ ಮುಂಬೈ ಸರ್ಕಾರದ ಕಾಯ್ದೆ ಬಿಡೂದಿಲ್ಲಂತ ಗಡಿ ದಾಟಿ ಹೈದರಾಬಾದ್ ಸೀಮಿಗೆ ಹೋಗಿ ತಾಳಿ ಕಟ್ಯಾನ.”

“ಭಾಳ ಕಾಯ್ದೆ ತಿಳದಾಂವ!” ಎಂದಳು ಅಜ್ಜಿ.

ಅತ್ತೆ ಅಳಲಿಲ್ಲ. ಧಾರೆ ಸೀರೆಯನ್ನು ನನ್ನ ಸೊಂಟಕ್ಕೆ ಹಿಡಿದು ನೋಡಿದಳು.

“ಕತ್ತರಿಸಿದರ ಈಕಿಗೆ ಎರಡು ಪರಕಾರ ಆಗತಾವು.”

“ಎರಡೂ ನನಗ?” ಎಂದು ನಾನು ಎರಡು ರೇಷ್ಮೆ ಲಂಗದ ಆಸೆಗೆ ಕುಣಿದೆ.

“ಎರಡೂ ನಿನಗ. ನೀನರ ಉಡು.”

ಆ ಪರಕಾರಗಳು ಮೂರು ದೀಪಾವಳಿ ಬಾಳಿದವು. ಆ ಸೀರೆ ಟ್ರಂಕಿನಲ್ಲೇ ಹುಳ ಹಿಡಿದು ಹೋಗಲಿಲ್ಲ, ಅಷ್ಟು ದೇವರ ದಯೆ.

ಸುದ್ದಿ ಬಂದ ಆ ದಿನ ಅಜ್ಜಿ ಅತ್ತೆಗೆ, “ಒಂದು ತಾಸು ಮಲಗವ್ವಾ,” ಎಂದಳು.

“ನಾ ಮಲಗಿದರ ರೊಟ್ಟಿ ಯಾರು ಬಡಿತಾರ?” ಎಂದು ಅತ್ತೆ ಒಲೆ ಹೊತ್ತಿಸಿ, ಹಿಟ್ಟು ನಾದಲು ಕೂತಳು.